ಸೊಸೆ ಕಾಪಾಡಿಟ್ಟಿದ್ದ ಚಹಾ ಕಲೆ

ಹಗ್ಗದ ಮೇಲೆ ಬೆಳ್ಳಗೆ ಹಾರಾಡುತ್ತಿದ್ದ ಮೇಜಿನ ಹಾಸನ್ನು ಕಂಡು ಸೊಸೆ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು.

“ಅತ್ತೆ, ಇದನ್ನ ಒಗೆದದ್ದು ಯಾರು?”

“ಇನ್ಯಾರು, ನಾನೇ. ಅಷ್ಟಗಲ ಚಹಾ ಕಲೆ ಮಾಡಿ, ಮಡಚಿ ಮೂಲೆಗೆ ತುರುಕಿದ್ದೀಯಲ್ಲೇ! ಈಗ ನೋಡು, ಕಲೆ ಎಲ್ಲಿತ್ತು ಅಂತ ಹೇಳು ನೋಡೋಣ.”

“ವಿಡಿಯೋಗೆ ಅಂತ ಅದನ್ನ ಕಾಪಾಡಿ ಇಟ್ಟಿದ್ದೆ ಅತ್ತೆ.” ಸೊಸೆ ತಲೆ ಮೇಲೆ ಕೈಹೊತ್ತು ಮೆಟ್ಟಿಲಲ್ಲಿ ಕುಳಿತಳು.

ಅತ್ತೆಯ ಮುಖ ಸಪ್ಪಗಾಯಿತು. ಸೊಸೆಗೆ ಸಂಜೆ ಹೊತ್ತು ಚಪ್ಪಲಿ ಅಂಗಡಿಯ ಗಲ್ಲಾದಲ್ಲಿ ಕೆಲಸ. ಅವಳು ಮನೆಗೆ ಬರುವಷ್ಟರಲ್ಲಿ ಮಗಳು ಪುಟ್ಟಿ ಅಜ್ಜಿಯ ಮಗ್ಗುಲಲ್ಲಿ ನಿದ್ದೆಹೋಗಿರುತ್ತಿದ್ದಳು. ಅದಕ್ಕೇ ಸೊಸೆ ಬಿಡುವಾದಾಗಲೆಲ್ಲ ಕಂಪನಿಗಳು ಕಳಿಸುವ ಸಾಮಾನನ್ನು ಮನೆಯಲ್ಲೇ ಬಳಸಿ ತೋರಿಸಿ, ಪುಟ್ಟ ಪುಟ್ಟ ವಿಡಿಯೋ ಮಾಡಿಕೊಡುವ ಕೆಲಸ ಹಿಡಿದಿದ್ದಳು. ಈಗ ಕಲೆ ತೆಗೆಯುವ ದ್ರವ ಮಾಡುವ ಕಂಪನಿಯೊಂದು, ಇವತ್ತಿನ ವಿಡಿಯೋ ಹಿಡಿಸಿದರೆ ತಿಂಗಳು ತಿಂಗಳೂ ಕೆಲಸ ಕೊಡುತ್ತೇವೆ ಅಂದಿತ್ತು. ಆಗ ಅಂಗಡಿ ಬಿಡಬಹುದು, ಸಂಜೆ ಮಗಳ ಜೊತೆ ಇರಬಹುದು.

“ಅಷ್ಟಕ್ಕೇ ಯಾಕೆ ಮೋರೆ ಇಳಿಬಿಡ್ತೀಯ? ಇನ್ನೊಂದು ಸಲ ಚೆಲ್ಲಿದರಾಯಿತು. ಕೊಡು, ನಾನೇ ಚೆಲ್ತೀನಿ!”

ಬಾಯೇನೋ ಹೇಳಿತು, ಕೈ ಕೇಳಬೇಕಲ್ಲ? ಆಸ್ಪತ್ರೆಯ ಲಾಂಡ್ರಿಯಲ್ಲಿ ತಲೆ ನೆರೆಯುವ ತನಕ ಹಾಸಿಗೆಬಟ್ಟೆ ಒಗೆದ ಕೈ ಅದು. ಸೊಸೆ ಹಗ್ಗದ ಮೇಲಿನ ಹಾಸನ್ನೇ ತಂದು ಮೇಜಿಗೆ ಹಾಸಿ, ಕಿಟಕಿಯ ಬೆಳಕಿಗೆ ಫೋನು ಹಿಡಿದು “ಹ್ಞೂಂ” ಅಂದಳು. ಅತ್ತೆ ಚಹಾದ ಲೋಟ ಬಗ್ಗಿಸಿದಳು. ಬಿದ್ದದ್ದು ಒಂದೇ ಹನಿ.

“ಅತ್ತೆ, ಮಗೂಗೆ ಔಷಧಿ ಕುಡಿಸ್ತಿದ್ದೀರಾ? ಧಾರಾಳವಾಗಿ ಸುರೀರಿ.”

ಅತ್ತೆ ಕಣ್ಣು ಮುಚ್ಚಿ ಸುರಿದಳು. ಒಳ್ಳೆ ಕಲೆಯೇ ಆಯಿತು. ಸೊಸೆ ದ್ರವದ ಬಾಟಲಿ ತರಲು ತಿರುಗಿದಳು ನೋಡಿ, ಅಷ್ಟರಲ್ಲಿ ಹಾಸು ನಲ್ಲಿಯ ಕೆಳಗಿತ್ತು.

“ಅಯ್ಯೋ ಅತ್ತೆ!”

“ನನಗೆ ಗೊತ್ತೇ ಆಗಲಿಲ್ಲ ಕಣೇ. ಕಾಲು ತಾನಾಗೇ ಹೋಯ್ತು.”

ಒದ್ದೆ ಹಾಸು ಬಿಟ್ಟು ದಿಂಬಿನ ಚೀಲ ಹಾಸಿದರು. ಅದೂ ನಲ್ಲಿಗೆ ಹೋಯಿತು. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತತೊಡಗಿತ್ತು. ಸೊಸೆಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಅವಳು ಫೋನನ್ನು ಅತ್ತೆಯ ಎರಡು ಕೈಗೂ ಒತ್ತಿ ಕೊಟ್ಟಳು.

“ನೀವು ವಿಡಿಯೋ ತೆಗೀರಿ. ಎರಡೂ ಕೈಯಲ್ಲಿ ಹಿಡ್ಕೋಬೇಕು. ಏನೇ ಆದರೂ ಬಿಡಬಾರದು.”

“ಇದೊಳ್ಳೆ ಕೈಕೋಳ ಆಯ್ತಲ್ಲ,” ಅಂದಳು ಅತ್ತೆ.

ಕೊನೆಯದಾಗಿ ಉಳಿದ ಬಿಳಿ ಬಟ್ಟೆಯ ಮೇಲೆ ಸೊಸೆ ಲೋಟವನ್ನೇ ಬೋರಲು ಹಾಕಿದಳು. “ಅಯ್ಯಯ್ಯೋ, ಹಾಳಾದವಳೇ!” ಅತ್ತೆಯ ಬಾಯಿಂದ ಬಂದೇಬಿಟ್ಟಿತು. ಚಿತ್ರ ಗಡಗಡ ಅಲುಗಿತು. ಆದರೆ ಫೋನು ಬಿಡಲಿಲ್ಲ. ಸೊಸೆ ದ್ರವ ಹಾಕಿ ಉಜ್ಜಿ, ನೀರಲ್ಲಿ ಜಾಲಿಸಿ ತೋರಿಸುವವರೆಗೂ ಹಲ್ಲು ಕಚ್ಚಿ ಹಿಡಿದೇ ಇದ್ದಳು.

ಮತ್ತೆ ತೆಗೆಯೋಣವೆಂದರೆ ಬಿಸಿಲಿಲ್ಲ, ಬಟ್ಟೆಯಿಲ್ಲ. ಬೈಗುಳದ ಸಮೇತ ಕಳಿಸಿದರು. ಸೊಸೆ ಅಂಗಡಿಗೆ ಹೊರಡುವ ಹೊತ್ತಿಗೆ ಕಂಪನಿಯಿಂದ ಫೋನು ಬಂತು.

“ವಿಡಿಯೋದಲ್ಲಿ ಹಿಂದಿನಿಂದ ಬೈದವರು ಯಾರಮ್ಮ?”

“ನಮ್ಮತ್ತೆ,” ಅಂದಳು ಸೊಸೆ. “ಆ ಮಾತು ತೆಗೆದುಬಿಡ್ಲಾ?”

“ಬೇಡ, ಬೇಡ. ನಮ್ಮ ಆಫೀಸಲ್ಲಿ ಎಲ್ಲರೂ ಅದನ್ನೇ ಹಾಕಿಹಾಕಿ ನಗ್ತಿದ್ದಾರೆ. ಮುಂದಿನ ತಿಂಗಳಿಂದ ನೀವೇ ಮಾಡಿಕೊಡಿ.”

ಸೊಸೆ ಓಡಿಬಂದು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಒದ್ದೆ ಕೈಗಳನ್ನು ದೂರ ಚಾಚಿ, “ಬಿಡೇ, ಬಟ್ಟೆ ನೆನೆಯುತ್ತೆ,” ಅಂದಳು. ಆಮೇಲೆ ತಾನೇ ಅವಳನ್ನು ಹತ್ತಿರ ಎಳೆದುಕೊಂಡು ಕೇಳಿದಳು: “ಹಾಗಾದರೆ ಇವತ್ತು ಅಂಗಡಿಗೆ?”

“ಈ ತಿಂಗಳು ಮುಗಿಯೋ ತನಕ ಹೋಗಲೇಬೇಕಲ್ಲ ಅತ್ತೆ.”

“ಸರಿ, ಹೋಗಿ ಬಾ. ಇವತ್ತು ಪುಟ್ಟೀನ ಮಲಗಿಸಲ್ಲ. ನಿದ್ದೆಗೆ ಎಷ್ಟು ಹಟ ಮಾಡಿದರೂ ಮಾಡಲಿ, ಈ ಸುದ್ದಿ ಅವಳಿಗೆ ನೀನೇ ಹೇಳಬೇಕು.”