ಗಡ್ಡದಣ್ಣನ ಶಪಥ

“ಕಣ್ಣು ಮುಚ್ಕೊಂಡಿದ್ದೆ ಅಂತೀಯ, ಮತ್ತೆ ಬಾಲ್ ಬುಟ್ಟಿಗೆ ಬೀಳಲಿಲ್ಲ ಅಂತ ಹೇಗೆ ಗೊತ್ತಾಯ್ತು?” ಕೆನ್ನೆಗೆಲ್ಲ ನೊರೆ ಬಳಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಪೋಸ್ಟ್‌ಮನ್ ಕೇಳಿದ.

“ಗೊತ್ತಾಗದೆ ಏನು? ಅಷ್ಟು ಜನ ಒಟ್ಟಿಗೆ ಸುಮ್ಮನಾದ್ರಲ್ಲ.”

ಗಡ್ಡದಣ್ಣ ರೇಜರ್ ಎಳೆದ. ಊರವರ ಗಡ್ಡ ಬೋಳಿಸುವವನ ಮುಖದ ಮೇಲೇ ಎದೆಮಟ್ಟ ಗಡ್ಡ! ಅಕ್ಕನ ಮಗಳು ಅಂಗಡಿಯ ಎದುರಿನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ ದಿನ, ತಂಡ ಕಪ್ ಗೆಲ್ಲುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಗಿರಾಕಿಗಳ ಮುಂದೆ ಶಪಥ ಮಾಡಿಬಿಟ್ಟಿದ್ದ. ಹೆಂಡತಿ ಬೈದಳು, ನೆಂಟರು ನಕ್ಕರು. ಆಸಾಮಿ ಜಗ್ಗಲಿಲ್ಲ.

ನಿನ್ನೆ ಫೈನಲ್. ಒಂದೇ ಪಾಯಿಂಟ್ ಹಿಂದಿದ್ದರು. ಆಟ ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿಯ ತಪ್ಪಿಗೆ ಎರಡು ಫ್ರೀ ಥ್ರೋ ಸಿಕ್ಕವು. ಗೆರೆಯ ಹಿಂದೆ ನಿಂತು ಬುಟ್ಟಿಗೆ ಎಸೆಯಬೇಕಾದವಳು ಅಕ್ಕನ ಮಗಳೇ. ಯಾರೂ ಅಡ್ಡ ಬರುವಂತಿಲ್ಲ. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಕಪ್. ಎರಡೂ ಬೀಳಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವನು ರೆಫರಿಯನ್ನು ಬೈದ, ಕೋಚ್‌ಗೆ ತಲೆಯಿಲ್ಲ ಎಂದ, ನೆಲ ಜಾರುತ್ತಿತ್ತು ಎಂದ. ಈಗ ಬೈಯಲು ಯಾರೂ ಉಳಿದಿರಲಿಲ್ಲ, ಸಂಕಟ ಮಾತ್ರ ಉಳಿದಿತ್ತು. ಎಸೆಯುವ ಮುಂಚೆ ಹುಡುಗಿ ಕತ್ತೆತ್ತಿ ಗ್ಯಾಲರಿಯಲ್ಲಿ ಮಾವನನ್ನು ಹುಡುಕಿರಬಹುದು. ಆಗ ಮಾವನ ಮುಖ ಟವೆಲ್‌ನೊಳಗಿತ್ತು. ಅಭಿಮಾನಿ ಅಂತೆ ಅಭಿಮಾನಿ!

“ಇನ್ನಾದ್ರೂ ನೀನೂ ಬೋಳಿಸ್ಕೊಳ್ಳೋ ಪುಣ್ಯಾತ್ಮ,” ಎಂದು ಪೋಸ್ಟ್‌ಮನ್ ಎದ್ದು ಹೋದ. ಅವನು ಹೋದ ಬೆನ್ನಲ್ಲೇ ಹುಡುಗಿ ಬಂದಳು. ಕಣ್ಣು ಊದಿಕೊಂಡಿತ್ತು. ಕೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟಳು.

“ಮಾವ, ನನ್ನ ಶೂ. ಯಾರಿಗಾದ್ರೂ ಸರಿಹೋದ್ರೆ ಕೊಟ್ಬಿಡು. ನಾನು ಟೀಮ್ ಬಿಡ್ತಿದೀನಿ.”

“ಕಾಲೇಜು ಇನ್ನೂ ಒಂದು ವರ್ಷ ಇದೆಯಲ್ಲೇ!”

“ಇದ್ರೆ ಇರ್ಲಿ. ಟೀಮಿನವರ ಮುಖ ಹೇಗೆ ನೋಡ್ಲಿ?”

ಸೋಲು ಗೆಲುವು ಇದ್ದದ್ದೇ ಎನ್ನಲು ಹೋದ. ಕಣ್ಣು ಬೆಂಚಿನ ಮೇಲಿನ ಶೂ ಚೀಲಕ್ಕೆ ಹೋಯಿತು. ಈ ಹುಡುಗಿ ಇನ್ನು ಆಡುವುದಿಲ್ಲ ಎನ್ನುವುದು ಕಪ್ ಹೋದದ್ದಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತು. ತಾನೇ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಸುತ್ತಿಕೊಂಡ.

“ಹಾಗಾದ್ರೆ ಈ ಗಡ್ಡ ತೆಗೆದುಬಿಡು. ನೀನಾಡದ ಟೀಮಿಗೆ ನಾನ್ಯಾಕೆ ಈ ಪೊದೆ ಹೊತ್ಕೊಂಡು ತಿರುಗ್ಲಿ? ಮಶೀನ್ ಅಲ್ಲೇ ಇದೆ.”

“ಮಾವ, ತಮಾಷೆ ಮಾಡ್ಬೇಡ.”

“ತಮಾಷೆ ಅಲ್ಲ ಕಣೇ. ತಗೋ.”

ಅವಳು ಮಶೀನ್ ಚಾಲೂ ಮಾಡಿ ಅವನ ಕೆನ್ನೆಯ ಹತ್ತಿರ ತಂದಳು. ಅದು ಗುಂಯ್‌ಗುಡುತ್ತ ಅಲ್ಲೇ ನಿಂತಿತು. ಗಡ್ಡದಣ್ಣ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಹೇಳಿದ: “ನಿನ್ನೆ ನೀನು ಎಸೆದದ್ದನ್ನ ನಾನು ನೋಡಲೇ ಇಲ್ಲ. ಹೆದರಿಬಿಟ್ಟೆ.”

“ಗೊತ್ತು. ಟವೆಲ್ ಕಾಣಿಸ್ತು,” ಎಂದಳು. ತುಟಿಯ ಒಂದು ಕೊನೆ ಸ್ವಲ್ಪ ಅಲುಗಿತು. “ನಾನೂ ಹೆದರಿದ್ದೆ.”

ಆಮೇಲೆ ಮಶೀನ್ ಸದ್ದು ನಿಂತಿತು. ಅವಳು ಅದನ್ನು ಕೆಳಗಿಟ್ಟು, ಬಾಚಣಿಗೆ, ಕತ್ತರಿ ಎತ್ತಿಕೊಂಡಳು.

“ಗದ್ದ ಎತ್ತು ಮಾವ. ತುದಿ ಮಾತ್ರ ಸಮ ಮಾಡ್ತೀನಿ.”

ಅವನು ಗದ್ದ ಎತ್ತಿದ. ಅರೆನರೆತ ಕೂದಲ ಚೂರುಗಳು ಬಟ್ಟೆಯ ಮೇಲೆ ಉದುರತೊಡಗಿದವು. ಕತ್ತರಿ ಮೂಗಿನ ಹತ್ತಿರ ಬಂದಾಗಲೆಲ್ಲ ರೆಪ್ಪೆ ಬಡಿಯಿತು, ಆದರೂ ಅವನು ಕಣ್ಣು ಮುಚ್ಚಲಿಲ್ಲ.