ಕಾಲು ಮೇಲಾದ ಹಕ್ಕಿ

ಅವತ್ತು ಬೆಳಿಗ್ಗೆ ಬಾವುಟಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೇಗೆ ನಿಂತೀತು? ಹೊಳೆಯ ಮೇಲಿನ ಸೇತುವೆಯ ಗೇಟು ತೆರೆಯುವ ದಿನ. ಆಚೆ ದೇಶಕ್ಕೆ ಮದುವೆಯಾಗಿ ಹೋದ ಅಕ್ಕ ಗೇಟಿನ ಆ ಬದಿಯಲ್ಲೇ ನಿಂತಿರುತ್ತಾಳೆ. ಜಡೆ ಹಾಕುವ ವಯಸ್ಸಿನಲ್ಲಿ ಅಗಲಿದವರು ಮತ್ತೆ ಮುಖ ನೋಡಿರಲಿಲ್ಲ. ನಡುವೆ ಒಂದು ಹೊಳೆ, ಒಂದು ಮುಳ್ಳುತಂತಿ, ಒಬ್ಬ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಯಾರಪ್ಪನ ಅಣ್ಣನೂ ಅಲ್ಲ. ದೇಶವನ್ನು ಮುಷ್ಟಿಯಲ್ಲಿಟ್ಟುಕೊಂಡು, ತನ್ನನ್ನು ಹಾಗೇ ಕರೆಯಬೇಕೆಂದು ಅಪ್ಪಣೆ ಹೊರಡಿಸಿದ್ದ ಪುಣ್ಯಾತ್ಮ. ಅವನ ಸಭೆ ನಡೆದಲ್ಲೆಲ್ಲ ಆಚೆಯವರ ಬಾವುಟವನ್ನು ತಲೆಕೆಳಗಾಗಿ ನೇತುಹಾಕಿ ಸುಡಬೇಕಿತ್ತು. ಸುಡುವುದಕ್ಕೂ ಯಾರಾದರೂ ಹೊಲಿಯಬೇಕಲ್ಲ! ಹೊಲಿದು ಹೊಲಿದೇ ಇವಳಿಗೆ ಬಾವುಟಮ್ಮ ಎಂಬ ಹೆಸರು ಬಿದ್ದದ್ದು. ಹಸಿರು ಬಟ್ಟೆ, ನಡುವೆ ಬಿಳಿ ಹಕ್ಕಿ, ತಲೆಕೆಳಗಾಗಿ ತೂಗಲೆಂದು ಹಕ್ಕಿಯ ಕಾಲಿನ ಕಡೆ ಹಗ್ಗದ ಕುಣಿಕೆ. ಆಚೆ ದಡದಲ್ಲೂ ಅಂಥವನೇ ಒಬ್ಬನಿದ್ದ. ಅಲ್ಲಿ ಈಚೆಯ ಕುದುರೆ ಬಾವುಟ ಉರಿಯುತ್ತಿತ್ತು. ಅದನ್ನು ಹೊಲಿಯುವವಳು ಅಕ್ಕನೇ ಎಂಬ ಸುದ್ದಿ ಹೇಗೋ ತೇಲಿಬಂದಿತ್ತು. ಒಂದೇ ಅಪ್ಪನ ಅಂಗಡಿಯಲ್ಲಿ ಸೂಜಿ ಹಿಡಿದವರು, ಇಬ್ಬರಿಗೂ ಬೇರೆ ಕಸುಬು ಗೊತ್ತಿರಲಿಲ್ಲ ಪಾಪ.

ಈಗ ಇಬ್ಬರು ಮಹಾಶಯರೂ ಗಂಟುಮೂಟೆ ಕಟ್ಟಿದ್ದರು. ಜನ ಓಟು ಹಾಕಿ ಆರಿಸಿದ ಹೊಸ ಅಧ್ಯಕ್ಷರು ಎರಡೂ ಕಡೆ ಬಂದು ರಾಜಿಯಾಗಿದ್ದರು. ಒಬ್ಬರ ಬಾವುಟವನ್ನು ಇನ್ನೊಬ್ಬರು ತಮ್ಮ ದಡದಲ್ಲಿ ಮರ್ಯಾದೆಯಿಂದ ಏರಿಸುವುದು, ಆಮೇಲೆ ಗೇಟು.

"ಒಂಚೂರು ಹೆಚ್ಚುಕಮ್ಮಿ ಆದ್ರೂ ಗೇಟು ತೆಗೆಯಲ್ಲಮ್ಮ," ಎಂದಿದ್ದ ಸಮಾರಂಭದ ಅಧಿಕಾರಿ. "ಮಿಲಿಟರಿಯವ್ರಿಗೆ ಒಂದು ನೆಪ ಸಿಕ್ಕಿದ್ರೆ ಸಾಕು."

"ನಂಗೇ ಹೇಳಿಕೊಡ್ತೀರಾ ಸ್ವಾಮಿ? ಆ ಹಕ್ಕೀನ ಕಣ್ಮುಚ್ಕೊಂಡು ಹೊಲೀತೀನಿ!"

ಹಾಗೇ ಹೊಲಿದಳು. ಎಡವಟ್ಟಾದದ್ದೇ ಅಲ್ಲಿ. ಈ ಸಲ ರೇಷ್ಮೆ, ಅಂಚಿಗೆ ಜೋಡಿ ಹೊಲಿಗೆ, ಎಲ್ಲ ಸೈ. ಆದರೆ ಮನಸ್ಸು ಅಕ್ಕನ ಹತ್ತಿರ ಓಡಿಹೋಗಿತ್ತು, ಕೈ ತನ್ನ ಹಳೇ ಚಾಳಿ ಬಿಡಲಿಲ್ಲ. ಕುಣಿಕೆ ಕಾಲಿನ ಕಡೆಗೇ ಕೂತಿತು.

ಬ್ಯಾಂಡು ಮೊಳಗಿತು, ಹಗ್ಗ ಎಳೆದರು. ಹಕ್ಕಿ ಎರಡೂ ಕಾಲು ಮೇಲೆತ್ತಿಕೊಂಡು ಆಕಾಶಕ್ಕೆ ಏರಿತು. ಬ್ಯಾಂಡು ಗಪ್‌ಚಿಪ್. ಸೇನಾಧಿಕಾರಿ ಗೇಟಿನ ಬೀಗದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ.

ಬಾವುಟಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಕೈ ಸೇದಿಹೋಗ! ಅಕ್ಕನ್ನ ನಾನೇ ಕಳ್ಕೊಂಡೆ."

ಅಷ್ಟರಲ್ಲಿ ಆಚೆ ದಡದ ಕಂಬದಲ್ಲಿ ಕುದುರೆ ಏರತೊಡಗಿತು. ಬೆನ್ನು ಕೆಳಗೆ, ನಾಲ್ಕೂ ಕಾಲು ಮೇಲೆ, ಧೂಳಿನಲ್ಲಿ ಹೊರಳಾಡಿದ ಹಾಗೆ!

ಅಕ್ಕ! ಬಾವುಟಮ್ಮನಿಗೆ ಕಿಸಕ್ಕನೆ ನಗು ಬಂತು. ಬಾವುಟದ ಮುಂದೆ ನಕ್ಕವರು ಜೈಲು ಸೇರುತ್ತಿದ್ದ ಊರು ಅದು. "ಶ್!" ಎಂದ ಅಧಿಕಾರಿ. ಸೆರಗು ಬಾಯಿಗೆ ತುರುಕಿಕೊಂಡಳು, ಆದರೂ ನಿಲ್ಲಲಿಲ್ಲ. ಪಕ್ಕದ ಮುದುಕಿಗೆ ಹತ್ತಿತು. ಡೋಲಿನವನಿಗೆ ಹತ್ತಿತು. ಆಚೆ ದಡದಿಂದಲೂ ಗೊಳ್ಳೆನ್ನುವುದು ಕೇಳಿಸಿತು. ಈಚೆಯ ಅಧ್ಯಕ್ಷರು ತುಟಿ ಕಚ್ಚಿಕೊಂಡು ನೋಡಿದರು. ಓಟು ಹಾಕಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ಅವರೊಬ್ಬರೇ ಎಷ್ಟು ಹೊತ್ತು ಬಿಗಿದುಕೊಂಡಾರು? ಕಣ್ಣೊರೆಸಿಕೊಳ್ಳುತ್ತಾ ಸೇನಾಧಿಕಾರಿಯ ಕಡೆ ಕೈ ಚಾಚಿದರು.

"ಕೊಡ್ರೀ ಬೀಗದ ಕೈ."

ಸೇತುವೆಯ ನಡುಮಧ್ಯದಿಂದಲೇ ಅಕ್ಕನ ದನಿ ಕೇಳಿತು. "ಲೇ! ನಮ್ಮ ಹಕ್ಕಿ ನಿಂಗೇನೇ ಮಾಡಿತ್ತು?"

"ನಮ್ಮ ಕುದುರೆ ನಿಂಗೇನ್ ಮಾಡಿತ್ತಕ್ಕಾ?"

ಅಪ್ಪಿಕೊಂಡರು, ಅತ್ತರು, ಮತ್ತೆ ನಕ್ಕರು. ಎರಡೂ ಬಾವುಟ ಇಳಿಸಿ ತಂದರು. ಸರಿಮಾಡಲು ಅಕ್ಕತಂಗಿ ಸೇತುವೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಎರಡು ದೇಶದ ಅಧ್ಯಕ್ಷರೂ ಬಿಸಿಲಲ್ಲಿ ಕಾಯುತ್ತಾ ನಿಂತರು.

ಬಾವುಟಮ್ಮ ಸೂಜಿಯನ್ನು ಅಕ್ಕನಿಗೆ ಕೊಟ್ಟಳು. "ದಾರ ನೀನೇ ಪೋಣಿಸಕ್ಕ. ಮುಂಚಿನಿಂದ ನಿಂದೇ ಚುರುಕು ಕಣ್ಣು."

ಅಕ್ಕ ಸೂಜಿಯನ್ನು ಬೆಳಕಿಗೆ ಹಿಡಿದಳು, ಹತ್ತಿರ ತಂದಳು, ದೂರ ಮಾಡಿದಳು.

"ನಂಗೂ ಈಗ ಕಾಣಲ್ಲ ಕಣೇ," ಎಂದಳು.