ದೊಡ್ಡಪ್ಪ ನೆಟ್ಟಗೆ ನಡೆದ ದಿನ

ನಮ್ಮ ದೊಡ್ಡಪ್ಪ ನಡೆಯುವಾಗ ಸದಾ ಬಲಕ್ಕೆ ವಾಲುತ್ತಿದ್ದರು. ಸೊಂಟನೋವಲ್ಲ, ವಯೋಧರ್ಮವೂ ಅಲ್ಲ. ಅವರ ಕಂದು ಕೋಟಿನ ಬಲಜೇಬಿನಲ್ಲಿ ಹಳೆಯ ಡ್ರಿಲ್ಲಿನ ಬಾಯಿ, ಅಂದರೆ ಚಕ್ಕು, ಬಿಗಿಯುವ ಚಾವಿ, ಅದರ ಜೊತೆಗೆ ತೂತು ಕೊರೆಯುವ ಹೆಬ್ಬೆರಳುಗಾತ್ರದ ಬಿಟ್ಟುಗಳು ತುಂಬಿ, ಆ ಬದಿಯ ಅಂಚು ಮೊಳಕಾಲಿನತ್ತ ಜೋತುಬಿದ್ದಿರುತ್ತಿತ್ತು. ಊಟಕ್ಕೆ ಕೂತಾಗಲಾದರೂ ಅದನ್ನು ತೆಗೆದಿಡಿ ಎಂದು ದೊಡ್ಡಮ್ಮ ಗೊಣಗಿದರೆ ಉತ್ತರ ಒಂದೇ: "ಚಾವೀನ ಚಕ್ಕಲ್ಲೇ ಬಿಟ್ಟು ಸ್ವಿಚ್ ಒತ್ತೋ ಪುಣ್ಯಾತ್ಮರು ಇರೋವರೆಗೂ ಅದು ನನ್ನ ಜೇಬಲ್ಲೇ ಇರತ್ತೆ."

ಅವರು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಮನೆಗೆ ಹೊತ್ತು ತಂದ ಯಂತ್ರವದು. ಲೋಹದ ಮೈ, ಎಮ್ಮೆಯಂಥ ಭಾರ, ಎಮ್ಮೆಯಂಥದೇ ನಿಧಾನ. ಉಕ್ಕಿನ ತೊಲೆ ಕೊರೆಯುವುದಕ್ಕೂ ಅದೇ, ಪೀಪಾಯಿಗಟ್ಟಲೆ ಬಣ್ಣ ಕಲಸುವುದಕ್ಕೂ ಅದೇ. ಬೀದಿಯಲ್ಲಿ ಯಾರು ಕೇಳಿದರೂ ಇಲ್ಲವೆನ್ನದ ಔದಾರ್ಯ ಅವರದು, ಆದರೆ ಮೊದಲು ಪರೀಕ್ಷೆ: ಒಂದೊಂದು ಭಾಗವನ್ನೂ ಮುಟ್ಟಿ ಹೆಸರು ಹೇಳಬೇಕು, ಅದರ ಕೆಲಸ ಹೇಳಬೇಕು. ಕ್ಷೌರದಂಗಡಿಯವನು ಹಿಡಿಯ ಪಕ್ಕದ ಗುಂಡಿ ಮುಟ್ಟಿ, "ಇದು ಅಂದಕ್ಕೆ ಇಟ್ಟಿರೋದು" ಎಂದುಬಿಟ್ಟ. "ಅಂದಕ್ಕಲ್ಲಪ್ಪಾ ಮಾರಾಯ, ಅದು ಒತ್ತಿದ್ರೆ ನೀನು ಬೆರಳು ತೆಗೆದ್ರೂ ಇದು ತಿರುಗ್ತಾನೇ ಇರತ್ತೆ!" ಎಂದು ಅವನನ್ನು ಬರಿಗೈಯಲ್ಲಿ ಅಟ್ಟಿದರು. ಮರುದಿನ ಅವನು ಪಾಠ ಒಪ್ಪಿಸಿಯೇ ಒಯ್ದ.

ಈ ಕಟ್ಟುನಿಟ್ಟಿನ ಮೂಲ ಅವರ ಬಲ ಮಣಿಕಟ್ಟಿನಲ್ಲಿತ್ತು. ಯೌವನದಲ್ಲಿ ಇಕ್ಕಟ್ಟಾದ ಮೂಲೆಯೊಂದರಲ್ಲಿ ಅಡ್ಡಬರುತ್ತದೆಂದು ಡ್ರಿಲ್ಲಿನ ಪಕ್ಕದ ಹಿಡಿ ಕಳಚಿ, ಒಂದೇ ಕೈಯಲ್ಲಿ ಕೊರೆದಿದ್ದರಂತೆ. ಬಿಟ್ಟು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗೆ ಸಿಕ್ಕಿ ನಿಂತಿತು, ನಿಲ್ಲದ ಯಂತ್ರ ಕೈಯನ್ನೇ ತಿರುಚಿತು. ಮುರಿದ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ಪಕ್ಕದ ಹಿಡಿಯಿಲ್ಲದೆ ಡ್ರಿಲ್ಲು ಹೊಸ್ತಿಲು ದಾಟಬಾರದೆಂಬುದು ಅಂದಿನಿಂದ ಅವರ ಶಾಸನ.

ಅವರ ಮಗಳು, ನನ್ನ ಅಕ್ಕ, ಮೆಟ್ಟಿಲುಗಳಿಗೆ ರೇಲಿಂಗ್ ಕೂರಿಸುವ ಕೆಲಸ ಕಲಿತು, ಮೊದಲ ಬಾರಿ ಸ್ವಂತವಾಗಿ ಒಂದು ಆಸ್ಪತ್ರೆಯ ಕೆಲಸ ಒಪ್ಪಿಕೊಂಡಳು. ನಾಳೆ ಶುರುಮಾಡದಿದ್ದರೆ ಅದು ಬೇರೆಯವರ ಪಾಲು. ಡ್ರಿಲ್ಲು ಕೇಳಿದರೆ ದೊಡ್ಡಪ್ಪ ಪರೀಕ್ಷೆಯನ್ನೂ ಮಾಡಲಿಲ್ಲ. "ಪಕ್ಕದ ಹಿಡಿ ಕಾಣ್ತಿಲ್ಲ. ಹಿಡಿ ಇಲ್ದೆ ಕೊಡಲ್ಲ" ಎಂದುಬಿಟ್ಟರು. ನಾವು ಮಂಚದ ಕೆಳಗೆ, ಅಟ್ಟದ ಮೇಲೆ, ಹಿಟ್ಟಿನ ಡಬ್ಬಿಯ ಹಿಂದೆ ಎಲ್ಲ ಜಾಲಾಡಿದೆವು. "ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದು ದೊಡ್ಡಮ್ಮ ಪಾತ್ರೆ ಕುಕ್ಕಿದರು.

ಅಷ್ಟರಲ್ಲಿ ದೊಡ್ಡಪ್ಪ ನೀರು ಕುಡಿಯಲೆಂದು ಎದ್ದು ನಡುಮನೆ ದಾಟಿದರು. ಅಕ್ಕ ಹುಡುಕುವುದನ್ನು ಬಿಟ್ಟು ದಿಟ್ಟಿಸಿದಳು. "ಅಪ್ಪಾ, ಇದೇನು, ಇವತ್ತು ನೆಟ್ಟಗೆ ನಡೀತಿದ್ದೀಯ?"

ಬಲಜೇಬಿನ ಭಾರಕ್ಕೆ ಸರಿತೂಗಿ ಕೋಟಿನ ಎಡಜೇಬಿನಲ್ಲಿ ಕೂತಿದ್ದ ಹಿಡಿ ಹೊರಬಂತು. ದೊಡ್ಡಪ್ಪನ ಮುಖ ಹುಳ್ಳಗಾಯಿತು.

"ಊರವರಿಗೆಲ್ಲ ಕೊಡ್ತೀಯ, ನಂಗೆ ಮಾತ್ರ ಯಾಕಿಲ್ಲ?"

"ಊರವರ ಕೈ ನಾನು ಹಿಡಿದು ನಡೆಸಿದ್ದಲ್ವಲ್ಲ" ಎಂದರು ದೊಡ್ಡಪ್ಪ, ಗೋಡೆಯ ಕಡೆ ನೋಡುತ್ತ.

ಅಕ್ಕ ಯಂತ್ರವನ್ನು ಎತ್ತಿ ತಂದು ಅವರ ಮುಂದಿಟ್ಟಳು. "ಕೇಳು ಪರೀಕ್ಷೆ." ಬಿಟ್ಟು ಕಚ್ಚುವ ಚಕ್ಕು, ವೇಗದ ಸ್ವಿಚ್ಚು, ಅಂದಕ್ಕಲ್ಲದ ಗುಂಡಿ, ಕಿಡಿ ಹೆಚ್ಚಾದರೆ ಬದಲಿಸಬೇಕಾದ ಕಾರ್ಬನ್ ಬ್ರಷ್ಷು, ಎಲ್ಲ ಸರಸರ ಹೇಳಿದಳು. ಕೊನೆಗೆ ಉಳಿದದ್ದು ಪಕ್ಕದ ಹಿಡಿ.

"ಇದು ಯಾತಕ್ಕೆ?"

"ನಿನ್ನ ಕೈಗೆ ಆಗಿದ್ದು ನನ್ನ ಕೈಗೆ ಆಗದೇ ಇರೋದಕ್ಕೆ."

ಮರುದಿನ ಆಸ್ಪತ್ರೆಯ ಮೆಟ್ಟಿಲಲ್ಲಿ, ಬೇಡವೆಂದರೂ ಹಿಂಬಾಲಿಸಿದ ದೊಡ್ಡಪ್ಪ ಪ್ಲಗ್ಗಿನ ಮೇಲೆ ಕೈಯಿಟ್ಟು ನಿಂತಿದ್ದರು. ಬಿಟ್ಟು ಕಂಬಿಗೆ ಸಿಕ್ಕೇ ಸಿಕ್ಕಿತು. ಡ್ರಿಲ್ಲು ಒದರಿತು; ಅಕ್ಕನ ಎಡಗೈ ಹಿಡಿಯನ್ನು ಬಿಡಲಿಲ್ಲ, ಬಲಗೈ ಬೆರಳು ಸ್ವಿಚ್ಚು ಬಿಟ್ಟಿತು.

"ಕೈ?" ಎಂದರು ದೊಡ್ಡಪ್ಪ.

"ಇದೆ ಅಪ್ಪಾ."

ಮನೆಗೆ ಹೊರಟಾಗ ಜೇಬಿನಲ್ಲಿದ್ದುದನ್ನೆಲ್ಲ ತೆಗೆದು, ಚಾವಿಯನ್ನೂ ಸೇರಿಸಿ, ಅವಳ ಚೀಲಕ್ಕೆ ಹಾಕಿದರು. ಕೋಟು ಬರಿದಾಗಿತ್ತು, ಆದರೂ ದಾರಿಯುದ್ದಕ್ಕೂ ಬಲಕ್ಕೆ ವಾಲಿಕೊಂಡೇ ನಡೆದರು. ಯಂತ್ರದ ಅಂಗಾಂಗಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ಈ ಬಗೆಯ ಜನ ತಮ್ಮ ಅಂಜಿಕೆಯನ್ನು ಮಾತ್ರ ಹೆಸರಿಸಲಾರರು. ಅದನ್ನು ನಿಯಮವೆಂದು ಕರೆದು ಜೇಬಿನಲ್ಲಿ ಹೊರುತ್ತಾರೆ. ಒಂದು ದಿನ ಮಕ್ಕಳು ಆ ಭಾರವನ್ನು ತೆಗೆದುಕೊಳ್ಳುತ್ತಾರೆ, ವಾಲುವ ನಡಿಗೆ ಮಾತ್ರ ಹೊತ್ತವರಲ್ಲೇ ಉಳಿಯುತ್ತದೆ.